ಭಾವ ಕೂತ ಜಾಗ

ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಡಾಕ್ಟರಮ್ಮನ ಮಾನಸಿಕ ಚಿಕಿತ್ಸಾಲಯಕ್ಕೆ ಹೊಸದಾಗಿ ಫೋನು ಮಾಡಿದವರು ಒಂದು ಗಳಿಗೆಯಾದರೂ ಬೆಚ್ಚಿಬೀಳುತ್ತಿದ್ದರು. ಫೋನು ಎತ್ತುತ್ತಿದ್ದವಳು ಡಾಕ್ಟರಮ್ಮನ ನಾದಿನಿ. ಬಾಯಿ ಸ್ವಲ್ಪ ಜೋರು, ಮನಸ್ಸು ಮಾತ್ರ ಬೆಣ್ಣೆ.

"ಧೈರ್ಯವಾಗಿ ಬನ್ನಿ, ಏನೂ ಹೆದರ್ಕೋಬೇಡಿ. ಭಾವಂಗೆ ಹೋದ ವಾರವೇ ಹುಚ್ಚುನಾಯಿ ಇಂಜೆಕ್ಷನ್ ಹಾಕ್ಸಿದೀವಿ. ಕಚ್ಚೋದೆಲ್ಲ ಇಲ್ಲ. ಇಷ್ಟ ಆದ್ರೆ ಮುಖ ನೆಕ್ತಾನೆ, ಅಷ್ಟೇ."

ಆ ಕಡೆಯವರು ಮಾತಾಡದೆ ಫೋನು ಇಟ್ಟುಬಿಡುತ್ತಿದ್ದರು. ಕೆಲವರು ಮತ್ತೆ ಮಾಡುತ್ತಿದ್ದರು, ಕೆಲವರು ಮಾಡುತ್ತಿರಲಿಲ್ಲ.

ಭಾವ ಎಂಬುದು, ಬಂದವರ ಮನಸ್ಸು ಹಗುರಾಗಲೆಂದು ಅಲ್ಲಿ ಸಾಕಿದ್ದ ನಾಯಿಯ ಹೆಸರು. ಮನಸ್ಸಿನಲ್ಲಿ ಏಳುವ ಭಾವ, ಭಾವನೆ ಎಂಬ ಅರ್ಥದಲ್ಲಿ ಡಾಕ್ಟರಮ್ಮ ಬಹಳ ಯೋಚಿಸಿ ಇಟ್ಟ ಹೆಸರು ಅದು. ಆದರೆ ಕೇಳಿದವರಿಗೆಲ್ಲ ಅಕ್ಕನ ಗಂಡನೇ ಕಣ್ಣಮುಂದೆ ಬರುತ್ತಿದ್ದ. ನಾಯಿಯೂ ಅದಕ್ಕೆ ತಕ್ಕಂತೆಯೇ ಇತ್ತು. ಕಂದು ಬಣ್ಣ, ಜೋತುಬಿದ್ದ ಕಿವಿ, ದೊಡ್ಡ ಮೈ. ಎಲ್ಲಿಗೆ ಹೋದರೂ ಮೊದಲು ಒಳ್ಳೆಯ ಜಾಗ ನೋಡಿ ಕಾಲು ಚಾಚುವುದು, ಆಮೇಲೆ ಯಾರಾದರೂ ಏನಾದರೂ ತಂದುಕೊಡುತ್ತಾರೆಂದು ನಿಶ್ಚಿಂತೆಯಿಂದ ಕಾಯುವುದು. ಮನೆಗೆ ಬಂದ ಭಾವಂದಿರ ಗತ್ತು ಬೇರೆ ಹೇಗಿರುತ್ತದೆ?

ಅದರ ಮೇಲ್ವಿಚಾರಣೆ ಡ್ರಿಲ್ ಮೇಷ್ಟ್ರದ್ದು. ಶಾಲೆಯ ಮೈದಾನದಲ್ಲಿ ಸೀಟಿ ಊದಿ ಊದಿ ನಿವೃತ್ತರಾದ ಮನುಷ್ಯ. ನಾಯಿಗೆ ಸ್ನಾನ ಮಾಡಿಸಿ, ಮೈ ಬಾಚಿ, ಹಗ್ಗ ಹಿಡಿದು ಕರೆತರುವುದು ಅವರ ಕೆಲಸ. ಮಾತೆಲ್ಲ ಅಪ್ಪಣೆಯ ಧಾಟಿಯಲ್ಲೇ. "ಕಾಲು ಒರೆಸಿ! ಸಾಲಾಗಿ ಕೂತ್ಕೊಳ್ಳಿ! ಬೆನ್ನು ನೆಟ್ಟಗೆ!" ಎಂದು ಅವರು ಗದರಿದರೆ, ಬದುಕೇ ಬೇಸರವಾಗಿದೆಯೆಂದು ಬಂದವರೂ ಒಂದು ಸಲ ಎದ್ದು ನೆಟ್ಟಗೆ ನಿಲ್ಲುತ್ತಿದ್ದರು. ಮಕ್ಕಳು ಬಂದಾಗ ಮಡಿಲಲ್ಲಿ ಕೂರಿಸಲು ಒಂದು ಮೊಲವೂ ಇತ್ತು. ಸಿಕ್ಕ ಕಾಗದವನ್ನೆಲ್ಲ ಅರೆಯುತ್ತಿದ್ದುದರಿಂದ ಅದಕ್ಕೆ ಗುಮಾಸ್ತ ಎಂದು ಹೆಸರಾಗಿತ್ತು.

ಗುಮಾಸ್ತನದು ಹೊಟ್ಟೆಪಾಡಿನ ನೌಕರಿ. ಭಾವನದು ಹಾಗಲ್ಲ, ಅವನಲ್ಲಿ ನಿಜವಾದ ಒಂದು ಗುಣವಿತ್ತು. ಕೋಣೆಯಲ್ಲಿ ನಾಲ್ಕು ಜನರಿದ್ದರೆ ಅವರಲ್ಲಿ ಯಾರ ಎದೆ ಹೆಚ್ಚು ಭಾರವೋ ಅವರ ಹತ್ತಿರ ಹೋಗಿ ತಲೆ ಇಡುತ್ತಿದ್ದ. ಒಮ್ಮೆ ಒಬ್ಬ ತಾಯಿ, ಮಗನಿಗೆ ವಿಪರೀತ ಸಿಟ್ಟು ಎಂದು ಅವನನ್ನು ಎಳೆದುಕೊಂಡು ಬಂದಿದ್ದಳು. ಭಾವ ಮಗನನ್ನು ಮೂಸಿ ಮುಂದೆ ಹೋಗಿ ತಾಯಿಯ ತೊಡೆಯ ಮೇಲೆ ತಲೆ ಇಟ್ಟ. ಆಕೆ ಗೊಳೋ ಎಂದು ಅತ್ತಳು. ಆಕೆಗೆ ಚಿಕಿತ್ಸೆ ಆಯಿತು, ಮಗನ ಸಿಟ್ಟು ಇಳಿಯಿತು. ಇಂಥ ನಾಲ್ಕಾರು ಪ್ರಸಂಗಗಳನ್ನು ಡಾಕ್ಟರಮ್ಮ ವೈದ್ಯರ ಸಭೆಯಲ್ಲಿ ಭಾಷಣ ಮಾಡಿ ಹೇಳಿ, "ನಮ್ಮ ಭಾವನ ಮೂಗು ತಪ್ಪಿದ್ದೇ ಇಲ್ಲ" ಎಂದು ಎಲ್ಲರಿಂದ ಚಪ್ಪಾಳೆ ಗಿಟ್ಟಿಸಿ ಬಂದಿದ್ದಳು.

ಅದಾಗಿ ಕೆಲವೇ ದಿನಕ್ಕೆ, ಒಂದು ಸೋಮವಾರ, ಬ್ಯಾಂಕ್ ಮ್ಯಾನೇಜರು ಬಂದರು. ಲಿಫ್ಟಿನೊಳಗೆ ಕಾಲಿಟ್ಟರೆ ಪ್ರಾಣ ಹೋಗುತ್ತದೆಂಬ ಭಯ ಅವರಿಗೆ. ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ ಕುರ್ಚಿಯಲ್ಲಿ ಕೂತು, "ಬಾರೋ ಭಾವ" ಎಂದು ತೊಡೆ ತಟ್ಟಿದರು. ಭಾವ ಅವರ ಕಡೆ ಒಂದು ಸಲ ನೋಡಿದ. ಮೇಜನ್ನು ಸುತ್ತುಹಾಕಿ ಹೋಗಿ, ಡಾಕ್ಟರಮ್ಮನ ಪಾದದ ಮೇಲೆ ಗದ್ದ ಊರಿ ಮಲಗಿ, ಮೂರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದ ತಂದೆಯ ಹಾಗೆ ಉದ್ದನೆಯ ನಿಟ್ಟುಸಿರು ಬಿಟ್ಟ.

ಮ್ಯಾನೇಜರು ನಾಯಿಯನ್ನು ನೋಡಿದರು. ಡಾಕ್ಟರಮ್ಮನನ್ನು ನೋಡಿದರು. ಆಮೇಲೆ ಮೆಲ್ಲಗೆ ಎದ್ದು ಹೇಳಿದರು: "ಡಾಕ್ಟ್ರೇ, ನಾನು ಬೇಕಿದ್ರೆ ಹೊರಗಡೆ ಕಾಯ್ತೀನಿ. ನೀವು ಸುಧಾರಿಸ್ಕೊಳ್ಳಿ."

"ಏನಿಲ್ಲ ಏನಿಲ್ಲ, ಕೂತ್ಕೊಳ್ಳಿ. ಅವನಿಗೆ ಇವತ್ತು ಏನೋ ಆಗಿದೆ" ಎಂದು ಡಾಕ್ಟರಮ್ಮ ನಕ್ಕಳು.

ಆಮೇಲೆ ಬಂದವರು ಸಂಗೀತದ ಟೀಚರು. ನಿದ್ರೆ ಬಾರದೆ ಸೊರಗಿಹೋಗಿದ್ದ ಹೆಂಗಸು. ಭಾವ ಡಾಕ್ಟರಮ್ಮನ ಕಾಲಬುಡದಿಂದ ಕದಲಲಿಲ್ಲ. ಟೀಚರ ಮುಖ ಸಣ್ಣದಾಯಿತು. "ಅಂದ್ರೆ ನನ್ನ ದುಃಖ ಅವನ ಲೆಕ್ಕಕ್ಕೇ ಇಲ್ವಾ?" ಎಂದು ಕಣ್ಣಲ್ಲಿ ನೀರು ತಂದುಕೊಂಡರು. ಅವರಿಗೆ ಇಲ್ಲಿಯವರೆಗೆ ಇದ್ದದ್ದು ನಿದ್ರೆಯ ಕೊರತೆ ಮಾತ್ರ. ಈಗ ಅವಮಾನವೂ ಸೇರಿಕೊಂಡಿತು.

ಮಂಗಳವಾರವೂ ಅದೇ, ಬುಧವಾರವೂ ಅದೇ. ಡ್ರಿಲ್ ಮೇಷ್ಟ್ರು ಹಗ್ಗ ಹಿಡಿದು ಎಳೆದರು, ಬಿಸ್ಕತ್ತು ತೋರಿಸಿದರು, ಕೊನೆಗೆ ಜೇಬಿನಿಂದ ಸೀಟಿ ತೆಗೆದು ಊದಿದರು. ಪಕ್ಕದ ಕೋಣೆಯಲ್ಲಿ ಗುಮಾಸ್ತ ನೆಗೆದು ಮೂಲೆ ಸೇರಿದ. ಕೆಳಗೆ ಕನ್ನಡಕದ ಅಂಗಡಿಯವನು ಹೊರಗೆ ಬಂದು ಮೇಲೆ ನೋಡಿದ. ಭಾವ ಒಂದು ಕಣ್ಣು ತೆರೆದು, ಮೇಷ್ಟ್ರನ್ನು ನೋಡಿ, ಮತ್ತೆ ಮುಚ್ಚಿದ.

ಡಾಕ್ಟರಮ್ಮ ಇದಕ್ಕೆಲ್ಲ ಕಾರಣ ಹುಡುಕತೊಡಗಿದಳು. ಕೈಗೆ ಹಚ್ಚುತ್ತಿದ್ದ ಕ್ರೀಮು ಬಿಟ್ಟಳು. ಚಪ್ಪಲಿ ಬದಲಾಯಿಸಿದಳು. ಕೈಚೀಲದಲ್ಲಿ ಮರೆತ ತಿಂಡಿಯೇನಾದರೂ ಇದೆಯೋ ಎಂದು ಅದನ್ನು ಮೇಜಿನ ಮೇಲೆ ಬೋರಲು ಹಾಕಿ ಕೊಡವಿದಳು. ಏನೂ ಸಿಗಲಿಲ್ಲ. ಭಾವ ಪ್ರತಿ ಸಲವೂ ಬಂದು, ಅದೇ ಜಾಗದಲ್ಲಿ, ಅದೇ ನಿಟ್ಟುಸಿರಿನೊಂದಿಗೆ ಬಿದ್ದುಕೊಳ್ಳುತ್ತಿದ್ದ.

ನೀರಿನ ಫಿಲ್ಟರಿನ ಹತ್ತಿರ ನಾದಿನಿ ಮತ್ತು ಡ್ರಿಲ್ ಮೇಷ್ಟ್ರು ತಲೆಗೆ ತಲೆ ಕೊಟ್ಟು ಮಾತಾಡಿಕೊಂಡರು.

"ಅತ್ತಿಗೆ ಒಳಗೊಳಗೇ ಕೊರಗ್ತಿದಾರೆ ಮೇಷ್ಟ್ರೇ. ನಮಗೆ ತೋರಿಸ್ಕೊಳ್ತಿಲ್ಲ."

"ಓಟದಲ್ಲಿ ಕಾಲು ಉಳುಕಿಸಿಕೊಂಡ ಹುಡುಗ ಯಾವತ್ತೂ ಉಳುಕಿದೆ ಅಂತ ಹೇಳಲ್ಲ" ಎಂದರು ಮೇಷ್ಟ್ರು ಗಂಭೀರವಾಗಿ. "ನಾವೇ ನೋಡಿ ಹೊರಗೆ ಕರೀಬೇಕು."

"ಹಾಗಾದ್ರೆ ನಮ್ಮಣ್ಣಂಗೆ ಹೇಳ್ಬಿಡ್ಲಾ?"

ಹೇಳಲೇ ಎಂದು ಕೇಳುವ ಹೊತ್ತಿಗಾಗಲೇ ಹೇಳಿಯಾಗಿತ್ತು. ಅಂದು ಸಂಜೆ ಡಾಕ್ಟರಮ್ಮ ಮನೆಗೆ ಹೋದರೆ ಗಂಡ ಬಾಗಿಲಲ್ಲೇ ನಿಂತಿದ್ದ. ಕೈಚೀಲ ತೆಗೆದುಕೊಂಡ, ಕುರ್ಚಿ ಎಳೆದುಕೊಟ್ಟ, ಎದುರಿಗೆ ಕೂತು ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು, ರೇಡಿಯೋದಲ್ಲಿ ಓದುವವರಂತೆ ಹೇಳಿದ: "ನಿನ್ನ ಮಾತನ್ನು ಯಾವುದೇ ತೀರ್ಪು ಕೊಡದೆ ಕೇಳಲು ನಾನಿದ್ದೇನೆ."

"ರೀ, ಅದು ನಮ್ಮ ಕ್ಲಿನಿಕ್ಕಿನ ಕರಪತ್ರದಲ್ಲಿರೋದು. ನಾನೇ ಬರೆದಿದ್ದು."

"ಗೊತ್ತು. ಚೆನ್ನಾಗಿ ಬರ್ದಿದೀಯ." ಅವನು ತೊಡೆಯ ಕೆಳಗಿಂದ ಕರಪತ್ರ ಸ್ವಲ್ಪವೇ ಹೊರಗೆಳೆದು ಇಣುಕಿದ. "ಮುಂದಿನ ಸಾಲು, 'ನಿನಗೆ ಅಳಬೇಕೆನಿಸಿದರೆ ಅತ್ತುಬಿಡು.'"

"ನನಗೆ ಅಳ್ಬೇಕು ಅನ್ನಿಸ್ತಿಲ್ಲ. ನಿಮ್ಮ ತಲೆ ಮೇಲೆ ಏನಾದ್ರೂ ಎತ್ತಿ ಹಾಕ್ಬೇಕು ಅನ್ನಿಸ್ತಿದೆ."

"ಅದೂ ಇದೆ, ಹಿಂದಿನ ಪುಟದಲ್ಲಿ. 'ನಿಮ್ಮ ಆಪ್ತರು ಸಿಡುಕಬಹುದು, ಸಹಿಸಿಕೊಳ್ಳಿ.'"

ಶುಕ್ರವಾರ ಗಡಿಯಾರ ರಿಪೇರಿಯವರೂ ಅವರ ಹೆಂಡತಿಯೂ ಬರುವ ದಿನ. ಇಬ್ಬರೂ ಸೋಫಾದ ಎರಡು ತುದಿ ಹಿಡಿದು ಕೂರುತ್ತಿದ್ದರು. ನಡುವೆ ಒಂದು ದಿಂಬಿನ ಗೋಡೆ. ಅಂಗಡಿಯ ಅಷ್ಟೂ ಗಡಿಯಾರಗಳ ಟಿಕ್‌ಟಿಕ್ ಬೇರೆಬೇರೆಯಾಗಿ ಕೇಳುವ ಗಂಡನ ಕಿವಿಗೆ ತನ್ನ ಮಾತು ಮಾತ್ರ ಬೀಳುವುದಿಲ್ಲ ಎಂದು ಹೆಂಡತಿಯ ದೂರು. ಪ್ರಶ್ನೆ ಬಾಯಿಂದ ಹೊರಬೀಳುವ ಮೊದಲೇ ಹೆಂಡತಿಯ ಉತ್ತರ ಬಂದು ನಿಂತಿರುತ್ತದೆ ಎಂದು ಗಂಡನದು. ಎಷ್ಟೋ ತಿಂಗಳಿಂದ ಬರುತ್ತಿದ್ದರೂ ಗೋಡೆಯ ಬಣ್ಣ ಯಾವುದೆಂಬುದರಲ್ಲೂ ಅವರಿಗೆ ಒಮ್ಮತವಿರಲಿಲ್ಲ. ಭಾವ ಮಾತ್ರ ಪ್ರತಿ ಸಲ ಇಬ್ಬರ ಕಾಲುಗಳ ನಡುವೆ ಉದ್ದಕ್ಕೆ ಮಲಗಿ, ತಲೆಯನ್ನು ಒಬ್ಬರಿಗೆ, ಬಾಲವನ್ನು ಇನ್ನೊಬ್ಬರಿಗೆ ಕೊಡುತ್ತಿದ್ದ.

ಅಂದು ಅವನು ಅವರಿಬ್ಬರನ್ನೂ ದಾಟಿ ಡಾಕ್ಟರಮ್ಮನ ಕಾಲಬುಡಕ್ಕೆ ಹೋದ.

ಹೆಂಡತಿ ಗಂಡನ ಕಡೆ ತಿರುಗಿದಳು. "ರೀ, ನೋಡಿದ್ರಾ?"

"ನೋಡ್ದೆ" ಎಂದ ಗಂಡ.

"ಡಾಕ್ಟ್ರಮ್ಮ, ಏನಾಗಿದೆ ನಿಮಗೆ?" ಎಂದಳು ಹೆಂಡತಿ.

"ನನಗೇನೂ ಆಗಿಲ್ಲಮ್ಮ. ಇವತ್ತು ನಿಮ್ಮ ವಿಷಯ ಮಾತಾಡೋಣ."

"'ನನಗೇನೂ ಆಗಿಲ್ಲ' ಅನ್ನೋ ಮಾತನ್ನ ಮೊದ್ಲು ಬಿಡಿ ಅಂತ ಹೋದ ಸಲ ನೀವೇ ಇವರಿಗೆ ಹೇಳಿದ್ರಿ."

"ಹೌದು, ನನಗೇ ಹೇಳಿದ್ರಿ" ಎಂದು ಗಂಡ ತಲೆಯಾಡಿಸಿದ. ಹೆಂಡತಿಯ ಮಾತಿಗೆ ಅವನು ಹೌದು ಎಂದದ್ದು ಆ ಕೋಣೆಯಲ್ಲಿ ಅದೇ ಮೊದಲು. ಅದು ಅವರಿಬ್ಬರಿಗೂ ಹೊಳೆಯಲಿಲ್ಲ. ಅಷ್ಟು ಮಗ್ನರಾಗಿದ್ದರು.

ಹೆಂಡತಿ ದಿಂಬು ತೆಗೆದು ಪಕ್ಕಕ್ಕೆಸೆದು, ಮುಂದೆ ಬಾಗಿ, ಮೇಜಿನ ಮೇಲಿದ್ದ ಟಿಶ್ಯೂ ಡಬ್ಬವನ್ನು ಡಾಕ್ಟರಮ್ಮನ ಕಡೆ ಸರಿಸಿದಳು. ರೋಗಿಗಳ ಕಡೆಗೆ ಆ ಡಬ್ಬವನ್ನು ಹಾಗೆ ಸರಿಸುವುದು ಡಾಕ್ಟರಮ್ಮನ ಕೈಚಳಕ. ಅದು ತನ್ನ ಕಡೆಗೇ ಬಂದಾಗ ಅವಳು ಅದನ್ನು ಮತ್ತೆ ಮೇಜಿನ ನಡುವಿಗೆ ದೂಡಿದಳು.

"ಯಾರ ಜೊತೆ ಮಾತು ಬಿಟ್ಟಿದೀರಿ?" ಎಂದು ಹೆಂಡತಿ ಕೇಳಿದಳು.

ಡಾಕ್ಟರಮ್ಮ "ಯಾರ ಜೊತೆಗೂ ಇಲ್ಲ" ಎನ್ನಲು ಬಾಯಿ ತೆರೆದಳು. ಬಾಯಿಂದ ಬಂದದ್ದು "ಅಕ್ಕ" ಎಂಬ ಮಾತು.

ಬಂದ ಮೇಲೆ ಉಳಿದದ್ದೂ ಬಂತು. ತಾಯಿ ಬೇಗ ಹೋದ ಮನೆ. ಅಕ್ಕನೇ ತಲೆ ಬಾಚಿ, ಎರಡು ಜಡೆ ಹಾಕಿ, ಶಾಲೆಗೆ ಕಳಿಸಿ, ಓದಿಸಿ ಡಾಕ್ಟರು ಮಾಡಿದ್ದು. ಅಕ್ಕ ಕಾರು ಕಲಿಸುವ ಶಾಲೆ ನಡೆಸುತ್ತಾಳೆ. ಕಲಿಯುವವರ ಪಕ್ಕದ ಸೀಟಿನಲ್ಲಿ, ತನ್ನ ಕಾಲಡಿಗೂ ಒಂದು ಬ್ರೇಕು ಇಟ್ಟುಕೊಂಡು ಕೂರುವ ಕೆಲಸ. ಕಾರಿನಿಂದ ಇಳಿದ ಮೇಲೂ ಆ ಬ್ರೇಕು ಅವಳ ಕಾಲಡಿಯಲ್ಲೇ ಇರುತ್ತಿತ್ತು. ಐದು ವರ್ಷದ ಹಿಂದೆ, ಮಗಳು ಕಾಲೇಜು ಮುಗಿಸಿದಳೆಂದು ಅಕ್ಕ ಒಂದು ಊಟ ಇಟ್ಟುಕೊಂಡಿದ್ದಳು. ಯಾರು ಎಲ್ಲಿ ಕೂರಬೇಕು, ಯಾರು ಎಷ್ಟು ತಿನ್ನಬೇಕು, ಯಾರು ಯಾವಾಗ ಏಳಬೇಕು, ಎಲ್ಲಾ ಅವಳದ್ದೇ ಆಜ್ಞೆ. ಡಾಕ್ಟರಮ್ಮನ ಗಂಡನನ್ನು ಒಂದು ಕುರ್ಚಿಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಎಬ್ಬಿಸಿ ಕೂರಿಸಿದಾಗ ಡಾಕ್ಟರಮ್ಮ ನೆಂಟರೆಲ್ಲರ ಎದುರಿಗೆ ಅಂದುಬಿಟ್ಟಿದ್ದಳು: "ಅಕ್ಕ, ಇದು ಕಾಯಿಲೆ. ಇದಕ್ಕೊಂದು ಹೆಸರಿದೆ. ನಿನ್ನಂಥವರು ವಾರಕ್ಕೆ ಮೂವರು ನನ್ನ ಹತ್ರ ಬರ್ತಾರೆ."

ಅಕ್ಕ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, "ಹಾಗಾದ್ರೆ ನಾಲ್ಕನೆಯವಳು ಬರಲ್ಲ ಬಿಡು" ಎಂದಿದ್ದಳು. ಅಲ್ಲಿಗೆ ಮಾತು ನಿಂತಿತ್ತು.

ಹೇಳಿ ಮುಗಿಸುವ ಹೊತ್ತಿಗೆ ಡಾಕ್ಟರಮ್ಮನ ಮೂಗು ಕೆಂಪಾಗಿತ್ತು. ಟಿಶ್ಯೂ ಸಾಲದೆ ಗಡಿಯಾರದವನು ತನ್ನ ಕರವಸ್ತ್ರ ಕೊಟ್ಟ. ಅದಕ್ಕೆ ಯಂತ್ರದೆಣ್ಣೆಯ ವಾಸನೆ ಹೊಡೆಯುತ್ತಿತ್ತು.

"ನಾಳೆನೇ ಹೋಗಿ" ಎಂದಳು ಹೆಂಡತಿ.

"ಫೋನಲ್ಲಿ ಬೇಡ, ಎದುರಿಗೇ ಹೋಗಿ" ಎಂದ ಗಂಡ.

"ಅದನ್ನೇ ನಾನೂ ಹೇಳ್ಬೇಕು ಅಂತಿದ್ದೆ."

"ಗೊತ್ತಾಯ್ತು, ಅದಕ್ಕೇ ಹೇಳ್ದೆ."

ಗಂಡ ಗೋಡೆಯ ಗಡಿಯಾರ ನೋಡಿ, ಅದು ಸ್ವಲ್ಪ ಹಿಂದಿದೆಯೆಂದು ತಿಳಿಸಿ, "ಇವತ್ತಿಗೆ ಇಷ್ಟು ಸಾಕು ಡಾಕ್ಟ್ರಮ್ಮ. ಏನಾಯ್ತು ಅಂತ ಮುಂದಿನ ಸಲ ಹೇಳಿ" ಎಂದು ಎದ್ದ. ಇಬ್ಬರೂ ಮೆಟ್ಟಿಲಿಳಿಯುವಾಗ ಅವರ ಮಾತು ಮೇಲಿನವರೆಗೂ ಕೇಳುತ್ತಿತ್ತು. ಡಾಕ್ಟರಮ್ಮನ ವಿಷಯದಲ್ಲಿ ತಪ್ಪು ಯಾರದೆಂಬುದರಲ್ಲಿ ಅವರು ಸಂಪೂರ್ಣ ಒಮ್ಮತಕ್ಕೆ ಬಂದಿದ್ದರು. ತಪ್ಪು ಡಾಕ್ಟರಮ್ಮನದೇ.

ಅಕ್ಕನ ಶಾಲೆ ಪೆಟ್ರೋಲ್ ಬಂಕಿನ ಪಕ್ಕದ ಒಂದೇ ಕೋಣೆ. ಗೋಡೆಯ ತುಂಬ ರಸ್ತೆಯ ಚಿಹ್ನೆಗಳು, ಎಲ್ಲವೂ ಏನನ್ನಾದರೂ ಮಾಡಬೇಡಿ ಎನ್ನುವಂಥವು. ಡಾಕ್ಟರಮ್ಮ ಬಾಗಿಲಲ್ಲಿ ನಿಂತಾಗ ಅಕ್ಕ ಕಪ್ಪು ಕನ್ನಡಕ ಒರೆಸುತ್ತಾ ಕೂತಿದ್ದಳು. ಕೂದಲು ಮೊದಲಿಗಿಂತ ಬೆಳ್ಳಗಾಗಿತ್ತು. ತಂಗಿಯನ್ನು ಮೇಲಿಂದ ಕೆಳಗೆ ನೋಡಿ, ಮೊಳೆಗೆ ನೇತುಹಾಕಿದ್ದ ಕೀಲಿ ತೆಗೆದುಕೊಂಡಳು.

"ಹತ್ತು" ಎಂದಳು.

ಡಾಕ್ಟರಮ್ಮ ಹೋಗಿ ಪಕ್ಕದ ಸೀಟಿನ ಬಾಗಿಲಿಗೆ ಕೈ ಹಾಕಿದಳು. "ಆ ಕಡೆ" ಎಂದಳು ಅಕ್ಕ. "ಇದು ನನ್ನ ಸೀಟು."

ಹಳದಿ ಕಾರು. ಮೇಲೆ 'ಕಲಿಯುತ್ತಿದ್ದಾರೆ, ದೂರವಿರಿ' ಎಂಬ ಫಲಕ. ಡಾಕ್ಟರಮ್ಮ ಸ್ಟೀರಿಂಗ್ ಹಿಡಿದಳು.

"ಸೀಟ್ ಬೆಲ್ಟು. ಕನ್ನಡಿ ನೋಡ್ಕೋ. ಸೀಟು ಹಿಂದಕ್ಕೆ ತಗೋ, ಇನ್ನೂ, ಇನ್ನೂ. ಎಷ್ಟು ವರ್ಷ ಆದ್ರೂ ಸ್ಟೀರಿಂಗಿಗೆ ಜೋತುಬಿದ್ದು ಕೂರೋದು ಬಿಡ್ಲಿಲ್ಲ ನೀನು."

ಕಾರು ರಸ್ತೆಗಿಳಿಯಿತು. ಆಮೇಲೆ ಅಕ್ಕ ಮುಂದಿನ ರಸ್ತೆಯನ್ನೇ ನೋಡುತ್ತಾ ಹೇಳಿದಳು: "ಮೊದ್ಲು ಇದಕ್ಕೆ ಉತ್ತರ ಕೊಡು. ನನ್ನ ಮೇಲಿನ ಸಿಟ್ಟಿಗೆ ನಾಯಿಗೆ ನನ್ನ ಗಂಡನ ಹೆಸರು ಯಾಕಿಟ್ಟೆ?"

"ಅಯ್ಯೋ! ಅದು ಆ ಭಾವ ಅಲ್ಲ ಅಕ್ಕ. ಭಾವನೆಯ ಭಾವ!"

"ನಿಮ್ಮ ಭಾವನಿಗೂ ಭಾವನೆ ಇದೆ. ಬಹಳ ನೊಂದ್ಕೊಂಡಿದಾರೆ. 'ನಾನು ಅವಳಿಗೆ ಏನು ಮಾಡಿದ್ದೆ, ನನ್ನ ಕುತ್ತಿಗೆಗೆ ಬೆಲ್ಟ್ ಹಾಕಿ ಎಳ್ಕೊಂಡು ತಿರುಗ್ತಾಳಂತೆ' ಅಂತಾರೆ. ಎಡಗಡೆ ಸೈಕಲ್ಲು, ನೋಡ್ಕೋ."

ಡಾಕ್ಟರಮ್ಮ ಸೈಕಲ್ಲಿಗೆ ದಾರಿ ಬಿಟ್ಟಳು. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿತ್ತು. ಕಾರು ನಿಂತಿತು. ಹೇಳುವುದಿದ್ದರೆ ಈಗಲೇ ಎಂದು ಅವಳು ಸ್ಟೀರಿಂಗನ್ನೇ ನೋಡುತ್ತಾ ಹೇಳತೊಡಗಿದಳು. ತಪ್ಪಾಯ್ತು ಎಂದಳು. ಎಲ್ಲರೆದುರು ಹಾಗೆ ಅನ್ನಬಾರದಿತ್ತು ಎಂದಳು. ಪ್ರತಿ ವರ್ಷ ನಿನ್ನ ಹುಟ್ಟಿದ ದಿನ ಫೋನು ಕೈಗೆತ್ತಿಕೊಂಡು ಕೆಳಗಿಟ್ಟಿದ್ದೇನೆ ಎಂದಳು. ದೀಪ ಹಸಿರಾಯಿತು. ಅವಳು ಕಣ್ಣೊರೆಸಿಕೊಳ್ಳುತ್ತಾ ಕ್ಲಚ್ಚಿನಿಂದ ಕಾಲು ತೆಗೆದಳು. ಕಾರು ಎರಡು ಸಲ ಕುಪ್ಪಳಿಸಿ ಆಫ್ ಆಯಿತು. ಹಿಂದಿನಿಂದ ಹಾರ್ನುಗಳ ಮೇಳ ಶುರುವಾಯಿತು.

"ನನ್ನ ಕ್ಷಮಿಸ್ತೀಯಾ ಅಕ್ಕ?"

"ಕ್ಷಮಿಸಿದೀನಿ. ಮೊದ್ಲು ಕ್ಲಚ್ ಒತ್ತು!"

ಊರಾಚೆಯ ಖಾಲಿ ಮೈದಾನದ ಅಂಚಿನಲ್ಲಿ ಅಕ್ಕ ಕಾರು ನಿಲ್ಲಿಸಿದಳು, ತನ್ನ ಕಾಲಡಿಯ ಬ್ರೇಕಿನಿಂದಲೇ. ಕಪ್ಪು ಕನ್ನಡಕ ತೆಗೆದು ಮಡಿಲಲ್ಲಿಟ್ಟುಕೊಂಡಳು. "ಕಾಯಿಲೆ ಅಂದಿದ್ದಕ್ಕೆ ನನಗೆ ಸಿಟ್ಟು ಬರ್ಲಿಲ್ಲ ಕಣೇ. ಇದ್ರೂ ಇರಬಹುದು. ವಾರಕ್ಕೆ ಮೂವರು ಬರ್ತಾರೆ ಅಂದ್ಯಲ್ಲ, ಅದು ಚುಚ್ಚಿತು. ನಿನ್ನ ತಲೆ ಬಾಚಿದವಳನ್ನ ತಗೊಂಡ್ಹೋಗಿ ಆ ಮೂವರ ಸಾಲಿನ ಹಿಂದೆ ನಿಲ್ಲಿಸ್ಬಿಟ್ಯಲ್ಲ."

ಡಾಕ್ಟರಮ್ಮ ಅಕ್ಕನ ಭುಜಕ್ಕೆ ತಲೆ ಇಟ್ಟಳು. ಗೇರು ಅಡ್ಡ ಬಂದು ಪಕ್ಕೆಗೆ ಒತ್ತುತ್ತಿತ್ತು. ಇಬ್ಬರೂ ಸರಿದು ಕೂರಲಿಲ್ಲ. ಆಮೇಲೆ ಡಾಕ್ಟರಮ್ಮ, ಭಾವ ತನ್ನ ಕಾಲಬುಡ ಬಿಟ್ಟು ಏಳದ ಕತೆಯನ್ನು ಹೇಳಿದಳು. ಅಕ್ಕನ ಕಣ್ಣು ತುಂಬಿತು. "ಮೂಕಪ್ರಾಣಿ ನೋಡು. ನಮಗಿಬ್ಬರಿಗೆ ಇಲ್ಲದ ಬುದ್ಧಿ ಅದಕ್ಕಿದೆ" ಎಂದು, ಬರುವಾಗ ದಾರಿಯಲ್ಲಿ ಭಾವನಿಗೆಂದು ದೊಡ್ಡದೊಂದು ಡಬ್ಬ ಬಿಸ್ಕತ್ತು ಕೊಂಡುಕೊಟ್ಟಳು.

ಸೋಮವಾರ ಡ್ರಿಲ್ ಮೇಷ್ಟ್ರು ಭಾವನನ್ನು ಪಶುವೈದ್ಯರ ಹತ್ತಿರ ಕರೆದೊಯ್ದರು. ಒಂದು ವಾರದಿಂದ ಹೊಟ್ಟೆ ಕೆರೆದುಕೊಳ್ಳುತ್ತಿದ್ದಾನೆಂಬುದು ಅವರಿಗೆ ಅನುಮಾನ ತಂದಿತ್ತು. ವಾಪಸು ಬಂದಾಗ ಅವರ ಮುಖ ನೋಡುವಂತಿರಲಿಲ್ಲ.

"ಹೇಳಿ ಮೇಷ್ಟ್ರೇ, ಏನಂದ್ರು?" ಎಂದಳು ಡಾಕ್ಟರಮ್ಮ.

ಮೇಷ್ಟ್ರು ಮೈದಾನದಲ್ಲಿ ತಪ್ಪೊಪ್ಪಿಕೊಳ್ಳುವ ವಿದ್ಯಾರ್ಥಿಯಂತೆ ಕೈಕಟ್ಟಿ ನಿಂತರು. "ಹೊಟ್ಟೆ ತುಂಬ ಗಂಧೆ ಎದ್ದಿದೆ. ಹೂವಿನ ವಾಸನೆ ಇರೋ ಹೊಸ ಶಾಂಪೂ ತಂದಿದ್ದೆ. ಬರೋರಿಗೆ ಹಿತವಾಗಿರ್ಲಿ ಅಂತ. ಅದು ಇವನ ಮೈಗೆ ಆಗ್ಲಿಲ್ಲ. ಉರಿ ತಡೀಲಾರದೆ ತಂಪು ಜಾಗ ಹುಡುಕ್ತಿದ್ದನಂತೆ."

ಮೂವರೂ ಒಟ್ಟಿಗೆ ಮೇಜಿನ ಹಿಂದಿನ ನೆಲವನ್ನು ನೋಡಿದರು. ನಾದಿನಿ ಅಲ್ಲಿಗೆ ಹೋಗಿ ಬಗ್ಗಿ ಕೈಯಿಟ್ಟಳು. ಏಸಿ ರಿಪೇರಿಗೆ ಬಂದವನು ಅದರ ಬಾಯನ್ನು ಕೆಳಕ್ಕೆ ತಿರುಗಿಸಿ ಹೋಗಿದ್ದ. ಗಾಳಿಯೆಲ್ಲ ಡಾಕ್ಟರಮ್ಮನ ಕುರ್ಚಿಯ ಬುಡಕ್ಕೇ ಸುರಿಯುತ್ತಿತ್ತು. ನೆಲ ಮಂಜುಗಡ್ಡೆಯಂತಿತ್ತು.

"ಅಂದ್ರೆ ಅತ್ತಿಗೆ" ಎಂದಳು ನಾದಿನಿ, "ನಿಮ್ಮ ಸಂಕಟಕ್ಕೂ ಇವನಿಗೂ ಸಂಬಂಧವೇ ಇರ್ಲಿಲ್ಲ!"

ಡಾಕ್ಟರಮ್ಮ ನಗತೊಡಗಿದಳು. ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ಕುರ್ಚಿಗೆ ಬಿದ್ದಳು. ನಗು ನಿಂತ ಮೇಲೆ ಅವಳಿಗೆ ಒಂದು ವಿಷಯ ಹೊಳೆಯಿತು. "ಇದು ಅಕ್ಕಂಗೆ ಗೊತ್ತಾಗ್ಬಾರ್ದು" ಎಂದಳು.

ನಾದಿನಿ ಕೈಯಲ್ಲಿದ್ದ ಫೋನನ್ನು ಬೆನ್ನ ಹಿಂದೆ ಸರಿಸಿದಳು. "ಬಿಸ್ಕತ್ತು ಭಾವಂಗೆ ಇಷ್ಟ ಆಯ್ತು ಅಂತ ಅವರಿಗೆ ಹೇಳೋಕೆ ಈಗ ತಾನೇ ಮಾಡಿದ್ದೆ, ಮೇಷ್ಟ್ರು ಬಂದಾಗ. ಇನ್ನೂ ಕಟ್ ಮಾಡಿಲ್ಲ."

ಫೋನಿನಿಂದ ಅಕ್ಕನ ದನಿ ಸ್ಪಷ್ಟವಾಗಿ ಬಂತು: "ಅಲ್ಲೇ ಇರು. ಬರ್ತಿದೀನಿ."

ಅಕ್ಕ ಮೆಟ್ಟಿಲು ಹತ್ತಿ ಬಂದಾಗ ಹೊರಗಿನ ಕೋಣೆಯಲ್ಲಿ ಬ್ಯಾಂಕ್ ಮ್ಯಾನೇಜರು, ಸಂಗೀತದ ಟೀಚರು, ಮತ್ತು ಮುಂದಿನ ಸಲದವರೆಗೆ ಕಾಯಲಾರದೆ ಬಂದಿದ್ದ ಗಡಿಯಾರದ ದಂಪತಿ ಇದ್ದರು. "ಕಾಲು ಒರೆಸಿ!" ಎಂದರು ಡ್ರಿಲ್ ಮೇಷ್ಟ್ರು ಅಭ್ಯಾಸಬಲದಿಂದ. ಅಕ್ಕ ಅವರನ್ನು ಒಮ್ಮೆ ನೋಡಿದಳು. ಮೇಷ್ಟ್ರು ತಾವೇ ನೆಟ್ಟಗೆ ನಿಂತರು.

"ಐದು ವರ್ಷ ಬರದೋಳು" ಎಂದಳು ಅಕ್ಕ, ತಂಗಿ ಹೊರಗೆ ಬರುತ್ತಿದ್ದಂತೆ, "ನಾಯಿ ಹೇಳ್ತು ಅಂತ ಬಂದೆ. ಸರಿ, ಅದಾದ್ರೂ ಹೇಳ್ತಲ್ಲ ಅಂತ ನಾನು ಸಮಾಧಾನ ಮಾಡ್ಕೊಂಡೆ. ಈಗ ನೋಡಿದ್ರೆ ಅದೂ ಹೇಳಿಲ್ಲ! ಅದಕ್ಕೆ ಹೊಟ್ಟೆ ಕಡೀತಿತ್ತು ಅಷ್ಟೇ! ಹಾಗಾದ್ರೆ ನೀನು ಯಾಕೆ ಬಂದೆ? ಶಾಂಪೂ ಬದಲಾಯಿಸದೇ ಇದ್ದಿದ್ರೆ ಬರ್ತಾನೇ ಇರ್ಲಿಲ್ಲ ಅಲ್ವಾ?"

ದಿನವಿಡೀ ಮಾತಿನಿಂದಲೇ ಊಟ ಸಂಪಾದಿಸುವ ಡಾಕ್ಟರಮ್ಮ ಅಲ್ಲಿದ್ದ ಖಾಲಿ ಕುರ್ಚಿಯೊಂದನ್ನು ಅಕ್ಕನ ಕಡೆ ಎಳೆದಳು. ಎಲ್ಲರೂ ಅವಳನ್ನೇ ನೋಡುತ್ತಿದ್ದರು.

"ಬರ್ತಿರ್ಲಿಲ್ಲ ಅನ್ಸುತ್ತೆ" ಎಂದಳು ಕೊನೆಗೆ. "ಧೈರ್ಯ ಇರ್ಲಿಲ್ಲ ಅಕ್ಕ. ನಾಯಿಗೆ ಏನೂ ಗೊತ್ತಿರ್ಲಿಲ್ಲ, ನಿಜ. ಆದ್ರೆ ಇವರು ಯಾರ ಜೊತೆ ಮಾತು ಬಿಟ್ಟಿದೀರಿ ಅಂತ ಕೇಳಿದಾಗ ನನ್ನ ಬಾಯಿಂದ ನಿನ್ನ ಹೆಸರೇ ಬಂತು. ಅದನ್ನ ನಾಯಿ ಹೇಳಿಸ್ಲಿಲ್ಲ."

"ನಾವು ಸಾಕ್ಷಿ" ಎಂದರು ಗಡಿಯಾರದ ಗಂಡ ಹೆಂಡತಿ ಒಂದೇ ಉಸಿರಿನಲ್ಲಿ.

"ಕರವಸ್ತ್ರ ಪೂರ್ತಿ ಒದ್ದೆ ಆಗಿತ್ತು" ಎಂದು ಗಂಡ ಸೇರಿಸಿದ.

ಸಂಗೀತದ ಟೀಚರು ಮೂಗು ಒರೆಸಿಕೊಂಡರು. ಅವರಿಗೆ ಈಗ ಸಮಾಧಾನವಾಗಿತ್ತು. ಭಾವ ತಮ್ಮ ದುಃಖವನ್ನು ಕಡೆಗಣಿಸಿರಲಿಲ್ಲವಲ್ಲ.

ಅಕ್ಕ ಖಾಲಿ ಕುರ್ಚಿಯಲ್ಲಿ ಕೂತಳು. ಕೂತ ಮೇಲೆ ಪಕ್ಕದ ಕುರ್ಚಿ ಸೊಟ್ಟಗಿದೆಯೆಂದು ನೆಟ್ಟಗೆ ಮಾಡಿದಳು. ಆಮೇಲೆ ಹೇಳಿದಳು: "ಸರಿ. ನನಗೇನೂ ಕಾಯಿಲೆ ಇಲ್ಲ ಅಂತ ನಿನ್ನ ಚೀಟಿ ಮೇಲೆ ಬರೆದು ಸಹಿ ಹಾಕಿ ಕೊಡು. ಫ್ರೇಮ್ ಹಾಕ್ಸಿ ಆಫೀಸಲ್ಲಿ ನೇತುಹಾಕ್ತೀನಿ."

"ಅದು ಹಾಗೆಲ್ಲ ಬರೆಯೋಕಾಗಲ್ಲ ಅಕ್ಕ."

"ಯಾಕಾಗಲ್ಲ?"

"ಪರೀಕ್ಷೆ ಮಾಡ್ಬೇಕು. ಅದಕ್ಕೆ ಸರದಿ ಇದೆ. ಇವರೆಲ್ಲ ಆದ್ಮೇಲೆ."

ಅಕ್ಕನ ತುಟಿಯ ಒಂದು ತುದಿ ಅದುರಿತು, ಆಮೇಲೆ ಇನ್ನೊಂದು. ಅವಳು ನಕ್ಕಾಗ ಕಿಟಕಿಯ ಗಾಜು ನಡುಗಿದಂತಾಯಿತು. ಡಾಕ್ಟರಮ್ಮ ಒಬ್ಬೊಬ್ಬರನ್ನೇ ಒಳಗೆ ಕರೆದಳು. ಅಕ್ಕ ಕೊನೆಯವರೆಗೂ ಕೂತೇ ಇದ್ದಳು. ಅಷ್ಟರಲ್ಲಿ ಹೊರಗಿನ ಕುರ್ಚಿಗಳ ಸಾಲು ಬದಲಾಗಿತ್ತು, ಬ್ಯಾಂಕ್ ಮ್ಯಾನೇಜರು ಕೂರುವ ಭಂಗಿ ಬದಲಾಗಿತ್ತು.

ಆ ಮ್ಯಾನೇಜರಿಗೆ ಲಿಫ್ಟಿನ ಹಾಗೆಯೇ ಕಾರೆಂದರೂ ಎದೆ ಹೊಡೆದುಕೊಳ್ಳುತ್ತದೆಂದು ಅಂದು ಅಕ್ಕನೇ ಅವರ ಬಾಯಿಂದ ಹೊರಡಿಸಿದ್ದಳು. ಹಾಗೆ ಹೆದರುವವರಿಗೆ, ಹಿಂದಿನ ಸೀಟಿನಲ್ಲಿ ನಾಯಿಯನ್ನು ಕೂರಿಸಿಕೊಂಡು ತಾನು ಕಾರು ಕಲಿಸುತ್ತೇನೆ ಎಂದಳು. ಯೋಚಿಸಿ ನೋಡಿದರೆ ಡಾಕ್ಟರಮ್ಮನಿಗೂ ಅದು ತಪ್ಪೆನಿಸಲಿಲ್ಲ. ಭಾವನ ಹೊಟ್ಟೆ ವಾಸಿಯಾದ ಮೇಲೆ ಒಂದು ಶನಿವಾರ ಪ್ರಯೋಗ ನಡೆಯಿತು. ಮ್ಯಾನೇಜರು ಸ್ಟೀರಿಂಗ್ ಹಿಡಿದರು. ಅಕ್ಕ ಪಕ್ಕದಲ್ಲಿ, ಭಾವ ಹಿಂದೆ. ಮೂರು ಬೀದಿ ಸುತ್ತಿ ಬಂದ ಮ್ಯಾನೇಜರು ಗೆದ್ದ ಮುಖದಿಂದ ಇಳಿದು, ತನಗೆ ಹೆದರುವುದಕ್ಕೆ ಪುರುಸೊತ್ತೇ ಸಿಗಲಿಲ್ಲ ಎಂದರು. ಕಾರಣ, ಎರಡನೇ ಬೀದಿಯ ತಿರುವಿನಲ್ಲೇ ಭಾವ ಹಿಂದಿನ ಸೀಟಿನ ತುಂಬ ವಾಂತಿ ಮಾಡಿಕೊಂಡಿದ್ದ.

ಮೇಷ್ಟ್ರು ನಾಯಿಯನ್ನು ಇಳಿಸಿಕೊಂಡು ಹೋದರು. ನಾದಿನಿ ಮೂಗು ಮುಚ್ಚಿಕೊಂಡು ಒಂದು ಬಕೆಟ್ ನೀರು ತಂದಿಟ್ಟು ಮಾಯವಾದಳು. ಅಕ್ಕ ತಂಗಿ ಇಬ್ಬರೂ ತೋಳು ಮಡಚಿ, ಹಳದಿ ಕಾರಿನ ಒಂದೊಂದು ಬಾಗಿಲಿಂದ ತಲೆ ತೂರಿಸಿ ಸೀಟು ಒರೆಸತೊಡಗಿದರು.

"ಬಟ್ಟೆ ಹೀಗೆ ಹಿಂಡೋದಲ್ಲ, ಕೊಡು ಇಲ್ಲಿ" ಎಂದಳು ಅಕ್ಕ.

"ನನಗೆ ಬರುತ್ತೆ ಅಕ್ಕ."

"ಏನು ಬರುತ್ತೆ? ನೀರೆಲ್ಲ ಅದರಲ್ಲೇ ಇದೆ. ಕೊಡು ಅಂದ್ರೆ."

ಡಾಕ್ಟರಮ್ಮ ಕೊಡಲಿಲ್ಲ. ಅಕ್ಕ ಬಟ್ಟೆಯ ಇನ್ನೊಂದು ತುದಿ ಹಿಡಿದುಕೊಂಡಳು. ಆ ಕಡೆಯಿಂದ ಅವಳು, ಈ ಕಡೆಯಿಂದ ಇವಳು ತಿರುಚಿದರು. ಕೊಳೆನೀರು ಇಬ್ಬರ ಕೈಯ ಮೇಲೂ ಇಳಿಯಿತು.